ದತ್ತಿಯ ಉದ್ದೇಶ ಕಾಯುವವರು ಯಾರು?

ಧರ್ಮಕ್ಕೆಂದು ಕೊಟ್ಟ ಹಣ, ಹೊಲ, ಕಟ್ಟಡಗಳನ್ನು ನಡೆಸುವ ಆಡಳಿತ ಮಂಡಳಿಗಳ ಬಗ್ಗೆ ಇಂದು ಮಾತಾಡುತ್ತೇನೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಇಂಥ ಮಂಡಳಿಗಳ ಸಂಪರ್ಕವೇ ಇಲ್ಲದ ಮನೆ ಕಡಿಮೆ. ಮಕ್ಕಳು ಓದುವ ಶಾಲೆ ಒಂದು ವಿದ್ಯಾವರ್ಧಕ ಸಂಘದ್ದಾಗಿರುತ್ತದೆ. ಅವರು ಉಂಡು ಮಲಗುವ ಪ್ರಸಾದನಿಲಯ ಒಂದು ಟ್ರಸ್ಟಿನದಾಗಿರುತ್ತದೆ. ಕುಮಾರಪಟ್ಟಣದಂಥ ಕಾರ್ಖಾನೆ ಊರಾದರೆ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಹಣವೂ ಸುತ್ತಲ ಹಳ್ಳಿಗಳಿಗೆ ಬರುತ್ತದೆ. ಇಂಥ ಸಂಸ್ಥೆಯೊಂದು ಕೆಟ್ಟಿತು ಎಂದು ಸುದ್ದಿಯಾದಾಗ ನಾವು ಮೊದಲು ಕೇಳುವುದು, ಹಣ ಯಾರು ತಿಂದರು ಎಂದು. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಲೆಕ್ಕದಲ್ಲಿ ಒಂದು ರೂಪಾಯಿಯ ಹೆಚ್ಚುಕಡಿಮೆ ಇಲ್ಲದೆಯೂ ದತ್ತಿಯೊಂದು ದಾರಿ ತಪ್ಪಬಹುದು. ಬಡ ಮಕ್ಕಳಿಗೆಂದು ತೆರೆದ ಶಾಲೆಯ ಶುಲ್ಕ ಬಡವರ ಕೈಗೆ ಎಟುಕದಷ್ಟು ಏರಬಹುದು. ಅನ್ನಕ್ಕೆಂದು ಬಿಟ್ಟುಕೊಟ್ಟ ಜಾಗದಲ್ಲಿ ಕಲ್ಯಾಣ ಮಂಟಪ ಎದ್ದು, ಅನ್ನ ನಿಂತುಹೋಗಬಹುದು. ಪ್ರತಿ ತೀರ್ಮಾನಕ್ಕೂ ಠರಾವು ಇರುತ್ತದೆ. ಸಹಿ ಇರುತ್ತದೆ. ಆಡಿಟ್ ಕೂಡ ಆಗಿರುತ್ತದೆ. ಇಷ್ಟೆಲ್ಲ ಇದ್ದೂ ಉದ್ದೇಶ ಕಳೆದುಹೋಗಿರುತ್ತದೆ. ಇದು ಏಕೆ ಆಗುತ್ತದೆ? ತೀರ್ಮಾನ ಮಾಡುವವರಿಗೂ, ಆ ಆಸ್ತಿ ಯಾರಿಗಾಗಿ ಇದೆಯೋ ಅವರಿಗೂ ನಡುವೆ ದೂರ ಬೆಳೆಯುವುದರಿಂದ ಆಗುತ್ತದೆ. ಆ ದೂರವನ್ನು ಕಡಿಮೆ ಮಾಡುವುದೇ ಒಳ್ಳೆಯ ಆಡಳಿತದ ಮುಖ್ಯ ಕೆಲಸ. ಇಂದಿನ ಮಾತೆಲ್ಲ ಈ ಒಂದು ವಿಚಾರದ ಸುತ್ತ.

ಮೊದಲು, ದೂರವೇ ಇಲ್ಲದಿದ್ದ ಒಂದು ಕಾಲವನ್ನು ನೋಡೋಣ. 1916ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಒಂದು ಶಾಲೆ ಆರಂಭವಾಯಿತು. ಅದೇ ಮುಂದೆ ಕೆ.ಎಲ್.ಇ. ಸಂಸ್ಥೆಯಾಗಿ ಬೆಳೆಯಿತು. ಹಾವೇರಿಯ ಗುದ್ಲೆಪ್ಪ ಹಳ್ಳಿಕೇರಿ ಕಾಲೇಜೂ, ರಾಣೆಬೆನ್ನೂರಿನ ರಾಜರಾಜೇಶ್ವರಿ ಮಹಿಳಾ ಕಾಲೇಜೂ ಇಂದು ಆ ಸಂಸ್ಥೆಗೆ ಸೇರಿವೆ. ಅದನ್ನು ಕಟ್ಟಿದ ಏಳು ಜನ ಶಿಕ್ಷಕರನ್ನು ನಾಡು ಸಪ್ತರ್ಷಿಗಳೆಂದು ಕರೆಯಿತು. ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಅವರು ಆ ಏಳು ಜನರಲ್ಲಿದ್ದರು. ಅವರೇ ಪಾಠ ಹೇಳಿದರು, ಅವರೇ ಸಂಸ್ಥೆಯನ್ನೂ ನಡೆಸಿದರು. ಬೆಳಿಗ್ಗೆ ತರಗತಿಯಲ್ಲಿ ಯಾವ ಹುಡುಗನ ಬಳಿ ಪುಸ್ತಕವಿಲ್ಲ ಎಂದು ಕಂಡವರಿಗೆ, ಸಂಜೆ ಸಭೆಯಲ್ಲಿ ಸಂಸ್ಥೆಯ ಉದ್ದೇಶವೇನು ಎಂದು ಯಾರೂ ನೆನಪಿಸಬೇಕಾಗಿರಲಿಲ್ಲ. ಅದಕ್ಕೂ ಹತ್ತು ವರ್ಷ ಮೊದಲು ಸಿರಸಂಗಿಯ ಲಿಂಗರಾಜ ದೇಸಾಯಿಯವರು ಇನ್ನೊಂದು ದಾರಿ ತೋರಿಸಿದ್ದರು. 1906ರಲ್ಲಿ ತೀರಿಕೊಳ್ಳುವ ಮುನ್ನ ಅವರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ವಿದ್ಯಾರ್ಥಿಗಳ ಓದಿಗೆ ಮೃತ್ಯುಪತ್ರದ ಮೂಲಕ ಬಿಟ್ಟುಕೊಟ್ಟರು. ತ್ಯಾಗವೀರ ಎಂಬ ಹೆಸರು ಅವರಿಗೆ ಬಂದದ್ದು ಇದರಿಂದ. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರಿನಲ್ಲೇ ಇದೆ. ಇಲ್ಲಿ ದಾನಿ ಇಲ್ಲ, ಆದರೆ ಅವರ ಮಾತು ಕಾಗದದ ಮೇಲೆ ಉಳಿದಿದೆ. ನಡೆಸುವವರ ಕೈಯಲ್ಲಿ ಆಸ್ತಿ ಇದ್ದರೂ ಅದರ ಗುರಿಯನ್ನು ಬದಲಿಸುವ ಸ್ವಾತಂತ್ರ್ಯ ಅವರಿಗಿಲ್ಲ. ಹೀಗೆ ಉದ್ದೇಶವನ್ನು ಕಾಯುವ ಎರಡು ಬಗೆ ನಮಗೆ ಆಗಲೇ ಗೊತ್ತಿತ್ತು. ಒಂದು, ದುಡಿಯುವವರೇ ನಡೆಸುವುದು. ಇನ್ನೊಂದು, ಬರೆದಿಟ್ಟ ಮಾತಿಗೆ ಬದ್ಧರಾಗಿ ನಡೆಸುವುದು.

ಆ ಕಾಲದ ದೊಡ್ಡವರಿಗೆ ನಿಯಮಗಳು ಬೇಕಿರಲಿಲ್ಲ ಎಂದು ಇದರಿಂದ ತಿಳಿಯಬಾರದು. ಬೇಕಾಗಿದ್ದವು. ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿ 1884ರಲ್ಲಿ ಹುಟ್ಟಿತು. ಮುಂಬೈ ಪ್ರಾಂತದ ಹಲವು ಶಿಕ್ಷಣ ಸಂಸ್ಥೆಗಳಿಗೆ ಅದು ಮಾದರಿಯಾಗಿತ್ತು. ನಮ್ಮ ಧಾರವಾಡ, ಬೆಳಗಾವಿಗಳೂ ಆಗ ಅದೇ ಪ್ರಾಂತದಲ್ಲಿದ್ದವು. ಅಲ್ಲಿ ಆಜೀವ ಸದಸ್ಯರೆಂಬ ಪದ್ಧತಿ ಇತ್ತು. ಸದಸ್ಯರು ಕಡಿಮೆ ಸಂಬಳಕ್ಕೆ ದೀರ್ಘಕಾಲ ಸಂಸ್ಥೆಗೇ ದುಡಿಯುವ ಮಾತು ಕೊಡಬೇಕಿತ್ತು. ಹಾಗೆ ಮಾತು ಕೊಟ್ಟವರು ಹೊರಗೆ ಬೇರೆ ಕೆಲಸ ಮಾಡಿ ಗಳಿಸಬಹುದೇ? ಈ ಪ್ರಶ್ನೆ ಸಂಸ್ಥೆಯನ್ನು ಬಿಸಿ ಚರ್ಚೆಗೆ ತಳ್ಳಿತು. ಬಾಲಗಂಗಾಧರ ತಿಲಕರು 1890ರಲ್ಲಿ ಸಂಸ್ಥೆ ಬಿಟ್ಟು ಹೋದರು. ಅದಕ್ಕಿದ್ದ ಕಾರಣಗಳಲ್ಲಿ ಈ ಭಿನ್ನಾಭಿಪ್ರಾಯವೂ ಒಂದು. ಯಾರು ಸರಿ ಎಂದು ಇಂದು ತೀರ್ಪು ಕೊಡುವುದು ನನ್ನ ಉದ್ದೇಶವಲ್ಲ. ಗಮನಿಸಬೇಕಾದದ್ದು ಇಷ್ಟೇ. ತಿಲಕ, ಆಗರ್ಕರ್, ಗೋಖಲೆಯಂಥವರು ಸೇರಿದ್ದ ಸಂಸ್ಥೆಯಲ್ಲೂ ಸ್ವಂತ ಹಿತಕ್ಕೂ ಸಂಸ್ಥೆಯ ಹಿತಕ್ಕೂ ನಡುವಿನ ಗೆರೆ ಎಲ್ಲಿ ಎಂದು ಕೇಳಬೇಕಾಯಿತು. ಇಂದಿನ ಮಂಡಳಿಗಳಲ್ಲಿ ಇಂಥ ಪ್ರಶ್ನೆ ಎತ್ತಿದರೆ, ನಮ್ಮ ಮೇಲೆ ನಂಬಿಕೆ ಇಲ್ಲವೇ ಎಂಬ ಸಿಟ್ಟು ಬರುತ್ತದೆ. ನಂಬಿಕೆ ಇರುವುದರಿಂದಲೇ ಆ ಪ್ರಶ್ನೆ ಬೇಕು. ಜನ ನಂಬಿ ಕೊಟ್ಟದ್ದನ್ನು ಹಿಡಿದುಕೊಂಡವರಿಗೆ ಉತ್ತರ ಹೇಳುವ ಹೊಣೆ ಹೆಚ್ಚು.

ಇಲ್ಲಿಯವರೆಗೆ ಹೇಳಿದ್ದು ಇದು. ಸ್ಥಾಪಕರ ಕಾಲದಲ್ಲಿ ತೀರ್ಮಾನಕ್ಕೂ ಉದ್ದೇಶಕ್ಕೂ ದೂರ ಕಡಿಮೆ, ಆಗಲೂ ನಿಯಮ ಬೇಕಾಯಿತು. ಈಗ ದೂರ ಹೆಚ್ಚಾದರೆ ಏನಾಗುತ್ತದೆ ಎಂದು ನೋಡೋಣ. ಅದಕ್ಕೆ ಸಾಕ್ಷಿ ನಮ್ಮ ಹಾವೇರಿ ಜಿಲ್ಲೆಯಲ್ಲೇ ಇದೆ. ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ತಿರುಳು ಮಾಡಲು ಮರ ಬೇಕಿತ್ತು. ಅದಕ್ಕಾಗಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಸ್ಥಾಪನೆಯಾಯಿತು. ಅದರಲ್ಲಿ ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮದ ಪಾಲು ನೂರಕ್ಕೆ 51, ಕಾರ್ಖಾನೆಯ ಪಾಲು 49. ಸುಮಾರು 30 ಸಾವಿರ ಹೆಕ್ಟೇರ್ ಜಮೀನಿನಲ್ಲಿ ನೀಲಗಿರಿ ಮೊದಲಾದ ಮರ ಬೆಳೆಸುವ ಯೋಜನೆ ಅದು. ಆ ಜಮೀನಿನ ಬಹುಪಾಲು ಹಳ್ಳಿಗರು ದನ ಮೇಯಿಸುತ್ತಿದ್ದ, ಸೌದೆ, ಹುಲ್ಲು ತರುತ್ತಿದ್ದ ಸಾಮೂಹಿಕ ಭೂಮಿ. ಪಲ್ಪ್‌ವುಡ್ ಕಂಪನಿ ದತ್ತಿ ಸಂಸ್ಥೆಯಲ್ಲ, ಅದು ನಿಜ. ಆದರೆ ಎಲ್ಲರ ಬಳಕೆಗಿದ್ದ ಆಸ್ತಿ ಒಂದು ಮಂಡಳಿಯ ಕೈಗೆ ಹೋಯಿತು. ನಮ್ಮ ವಿಷಯಕ್ಕೆ ಬೇಕಾದದ್ದು ಆ ಸಂಗತಿ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಇದನ್ನು ವಿರೋಧಿಸಿತು. ಅದರ ಎಸ್. ಆರ್. ಹಿರೇಮಠರು ಮುಂದೆ ನಿಂತರು. ಸಾಹಿತಿ ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಗೆ ಹೆಸರು ಕೊಟ್ಟರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತರು, ಆ ಜಾಗದಲ್ಲಿ ಊರಿಗೆ ಉಪಯೋಗವಾಗುವ ಗಿಡ ನೆಟ್ಟರು. ಕಿತ್ತಿಕೊ ಹಚ್ಚಿಕೊ ಸತ್ಯಾಗ್ರಹ ಎಂದು ಅದಕ್ಕೆ ಹೆಸರಾಯಿತು. 1991ರಲ್ಲಿ ಆ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು.

ಈ ಇತಿಹಾಸದಲ್ಲಿ ಒಂದು ಪಾಠ ಸ್ಪಷ್ಟವಾಗಿದೆ. ಸರ್ಕಾರದ ಪಾಲು ಅರ್ಧಕ್ಕಿಂತ ಹೆಚ್ಚಿತ್ತು. ಕಾಗದದ ಮೇಲೆ ಸಾರ್ವಜನಿಕ ಹಿತಕ್ಕೆ ಬಹುಮತವೇ ಇತ್ತು. ಆದರೂ ಆ ಭೂಮಿಯನ್ನು ನಂಬಿ ಬದುಕುವವರಿಗೆ ಆ ಮೇಜಿನ ಸುತ್ತ ಜಾಗವಿರಲಿಲ್ಲ. ಅಲ್ಲಿ ಹೇಳಬೇಕಾಗಿದ್ದ ಮಾತನ್ನು ಅವರು ಬಯಲಲ್ಲಿ ನಿಂತು ಹೇಳಬೇಕಾಯಿತು, ಕೋರ್ಟಿನ ಮೆಟ್ಟಿಲು ಹತ್ತಿ ಹೇಳಬೇಕಾಯಿತು. ಒಂದು ಯೋಜನೆ ಹುಟ್ಟಿ ಮುಚ್ಚುವುದಕ್ಕೆ ಏಳು ವರ್ಷ ಹೋದವು. ಹೋರಾಟಗಾರರ ಶ್ರಮ, ಸರ್ಕಾರದ ಹಣ, ಕಾರ್ಖಾನೆಯ ನಿರೀಕ್ಷೆ ಎಲ್ಲವೂ ಅದರಲ್ಲಿ ಸವೆದವು. ಹಳ್ಳಿಯವರನ್ನು ಮೊದಲ ಸಭೆಯಲ್ಲೇ ಕೂರಿಸಿ ಕೇಳಿದ್ದರೆ ಈ ಸಾಮೂಹಿಕ ಭೂಮಿ ಯಾರ ಬದುಕಿಗೆ ಬೇಕು ಎಂಬ ಉತ್ತರ ಒಂದೇ ದಿನದಲ್ಲಿ ಸಿಗುತ್ತಿತ್ತು. ಮಂಡಳಿಯಲ್ಲಿ ಒಳ್ಳೆಯವರಿದ್ದರೆ ಸಾಕು ಎನ್ನುವವರು ಇದನ್ನು ಯೋಚಿಸಬೇಕು. ಒಳ್ಳೆಯವರಾದರೂ ದೂರದಲ್ಲಿ ಕೂತರೆ ಅವರಿಗೆ ಕಾಣುವುದು ಅಂಕಿಗಳು ಮಾತ್ರ.

ಹಾಗಾದರೆ ಹೊರಗಿನಿಂದ ಕಾನೂನು ಕಾಯುವುದಿಲ್ಲವೇ ಎಂದು ನೀವು ಕೇಳಬಹುದು. ಇದುವರೆಗೆ ದೂರದ ಅಪಾಯವನ್ನು ಕಂಡೆವು. ಈಗ ಕಾನೂನಿನ ಕೈ ಎಷ್ಟು ಉದ್ದವಿದೆ ಎಂದು ಅಳೆಯೋಣ. ಇಂಗ್ಲೆಂಡಿನಲ್ಲಿ ದತ್ತಿಗಳ ಮೇಲ್ವಿಚಾರಣೆಗೆ 1853ರಲ್ಲೇ ಆಯುಕ್ತರನ್ನು ನೇಮಿಸುವ ಕಾಯ್ದೆ ಬಂತು. ಆಗ ಮುಂಬೈ ಕರ್ನಾಟಕವೆನಿಸಿದ್ದ ನಮ್ಮ ಭಾಗಕ್ಕೂ 1950ರ ಮುಂಬೈ ಸಾರ್ವಜನಿಕ ಟ್ರಸ್ಟುಗಳ ಕಾಯ್ದೆ ಅನ್ವಯಿಸುತ್ತಿತ್ತು. ಟ್ರಸ್ಟು ನೋಂದಣಿಯಾಗಬೇಕು, ಲೆಕ್ಕ ಸಲ್ಲಿಸಬೇಕು, ಸ್ಥಿರಾಸ್ತಿ ಮಾರಬೇಕಾದರೆ ಚಾರಿಟಿ ಕಮಿಷನರರ ಅನುಮತಿ ಪಡೆಯಬೇಕು ಎಂದು ಅದರಲ್ಲಿತ್ತು. ಮಹಾರಾಷ್ಟ್ರದಲ್ಲಿ ಆ ಕಾಯ್ದೆ ಈಗಲೂ ಇದೆ. ಕರ್ನಾಟಕದಲ್ಲಿ 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆ ಅದನ್ನು ರದ್ದುಮಾಡಿತು. ಹೊಸ ಕಾಯ್ದೆಯ ಮುಖ್ಯ ಗಮನ ಮುಜರಾಯಿ ದೇವಸ್ಥಾನಗಳ ಮೇಲೆ. ಶಾಲೆ, ಆಸ್ಪತ್ರೆ, ವಿದ್ಯಾರ್ಥಿವೇತನದ ಟ್ರಸ್ಟುಗಳನ್ನೆಲ್ಲ ಒಂದೆಡೆ ನೋಡಿಕೊಳ್ಳುವ ಚಾರಿಟಿ ಕಮಿಷನರ್ ಇಂದು ನಮ್ಮ ರಾಜ್ಯದಲ್ಲಿ ಇಲ್ಲ. ಸಂಘಗಳಿಗೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಇದೆ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಯಬೇಕು, ಲೆಕ್ಕಪತ್ರವನ್ನು ರಿಜಿಸ್ಟ್ರಾರರಿಗೆ ಕೊಡಬೇಕು ಎಂದು ಅದು ಹೇಳುತ್ತದೆ. ಟ್ರಸ್ಟು ದಾರಿ ತಪ್ಪಿದರೆ ಹಿತಾಸಕ್ತಿ ಇರುವ ಇಬ್ಬರು ನಾಗರಿಕರು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ, ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬಹುದು. ಆದಾಯ ತೆರಿಗೆ ಕಾನೂನು ವರ್ಷದ ಆದಾಯದ ನೂರಕ್ಕೆ 85ರಷ್ಟನ್ನು ಉದ್ದೇಶಕ್ಕೆ ಬಳಸಿ ಎನ್ನುತ್ತದೆ, ಟ್ರಸ್ಟಿಗಳಿಗೂ ಅವರ ನೆಂಟರಿಗೂ ಲಾಭ ಹೋಗಬಾರದು ಎನ್ನುತ್ತದೆ. ಇವೆಲ್ಲ ಬೇಕು. ಆದರೆ ಇವುಗಳಲ್ಲಿ ಹೆಚ್ಚಿನವು ಕೆಟ್ಟ ಮೇಲೆ ಬರುವ ಔಷಧಿ. ಒಂದು ಪ್ರಸಾದನಿಲಯದ ಅಡುಗೆಮನೆಯಲ್ಲಿ ಈ ವರ್ಷ ಎಷ್ಟು ಮಕ್ಕಳಿಗೆ ಜಾಗ ಸಿಕ್ಕಿತು ಎಂದು ಯಾವ ಕಾನೂನೂ ತಿಂಗಳು ತಿಂಗಳು ಬಂದು ಕೇಳುವುದಿಲ್ಲ. ಹೊರಗಿನ ಕಾವಲು ತೆಳುವಾಗಿರುವಲ್ಲಿ ಒಳಗಿನ ಕಾವಲು ಗಟ್ಟಿಯಾಗಬೇಕು.

ಕಂಪನಿಗಳ ಹಣದ ವಿಷಯದಲ್ಲೂ ಇದೇ ಮಾತು. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಕಾರ್ಖಾನೆ ಇರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಶಾಸನದ ಇತರ ಕರ್ತವ್ಯಗಳಿಗೆ ಮಾಡುವ ಖರ್ಚನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. ಅಂದರೆ ಯಾವುದೇ ಕಾರ್ಖಾನೆ ನದಿಗೆ ಬಿಡುವ ನೀರನ್ನು ಶುದ್ಧ ಮಾಡುವುದು ಅದರ ಕರ್ತವ್ಯ, ದಾನವಲ್ಲ. ತುಂಗಭದ್ರೆಯ ದಂಡೆಯ ಊರುಗಳು ಈ ಭೇದವನ್ನು ಚೆನ್ನಾಗಿ ತಿಳಿದಿರಬೇಕು. ಹಣ ಎಲ್ಲಿಗೆ ಹೋಗಬೇಕು ಎಂದು ಸೂಚಿಸುವುದು ಕಂಪನಿಯ ನಿರ್ದೇಶಕರ ಸಮಿತಿ. ಆ ಸಮಿತಿಯಲ್ಲಿ ಹಳ್ಳಿಯ ಒಬ್ಬರಾದರೂ ಇರಬೇಕೆಂದು ಕಾನೂನು ಕೇಳುವುದಿಲ್ಲ. ಕಾನೂನು ಕೇಳುವುದಿಲ್ಲ ಎಂಬುದು ಕೇಳದೇ ಇರುವುದಕ್ಕೆ ಕಾರಣವಾಗಬಾರದು. ಕೋಡಿಯಾಲ ಹೊಸಪೇಟೆಗೋ ನಲವಾಗಲಕ್ಕೋ ಯಾವುದು ಮೊದಲು ಬೇಕು, ಶಾಲೆಯ ಗೋಡೆಗೆ ಬಣ್ಣವೋ, ಹೆರಿಗೆಗೆ ಆಂಬುಲೆನ್ಸೋ ಎಂಬುದನ್ನು ಗ್ರಾಮಸಭೆಯಲ್ಲಿ ಕೇಳಿ ತಿಳಿಯಲು ಯಾವ ಅಡ್ಡಿಯೂ ಇಲ್ಲ.

ಇಷ್ಟು ಹೊತ್ತು ರೋಗವನ್ನು ವಿವರಿಸಿದೆ. ಉದ್ದೇಶದಿಂದ ಮಂಡಳಿ ದೂರವಾಗುತ್ತದೆ, ಕಾನೂನು ತಡವಾಗಿ ಬರುತ್ತದೆ. ಈಗ ಉಪಾಯಕ್ಕೆ ಬರೋಣ. ನಾಲ್ಕು ಉಪಾಯಗಳನ್ನು ಹೇಳುತ್ತೇನೆ. ಯಾವುದಕ್ಕೂ ಹೊಸ ಕಾಯ್ದೆ ಬೇಕಿಲ್ಲ. ಒಂದನೆಯದು, ಟ್ರಸ್ಟ್ ಡೀಡಿನಲ್ಲೋ ಬೈಲಾದಲ್ಲೋ ಬರೆದಿರುವ ಉದ್ದೇಶವನ್ನು ಪ್ರತಿ ಸಭೆಯ ಆರಂಭದಲ್ಲಿ ಓದಬೇಕು. ಓದಿದರೆ ಮುಗಿಯಲಿಲ್ಲ. ದೊಡ್ಡ ಖರ್ಚಿನ ಪ್ರತಿ ಠರಾವಿನ ಕೆಳಗೆ, ಇದು ಯಾವ ಉದ್ದೇಶಕ್ಕೆ ಹೇಗೆ ನೆರವಾಗುತ್ತದೆ ಎಂದು ಎರಡು ಸಾಲು ನಡಾವಳಿಯಲ್ಲಿ ಬರೆಯಬೇಕು. ಬರೆಯಲು ಆಗದಿದ್ದರೆ ಆ ಖರ್ಚಿನ ಬಗ್ಗೆ ಮತ್ತೊಮ್ಮೆ ಯೋಚಿಸಬೇಕು. ಕಲ್ಯಾಣ ಮಂಟಪ ಕಟ್ಟುವುದು ತಪ್ಪಲ್ಲ. ಅದರ ಬಾಡಿಗೆಯಿಂದ ಎಷ್ಟು ಮಕ್ಕಳ ಊಟ ನಡೆಯುತ್ತದೆ ಎಂದು ಬರೆದಿಟ್ಟರೆ, ಐದು ವರ್ಷದ ನಂತರ ಯಾರಾದರೂ ಅದನ್ನು ತೆಗೆದು ನೋಡಬಹುದು. ಎರಡನೆಯದು, ಸಂಸ್ಥೆ ಯಾರಿಗಾಗಿ ಇದೆಯೋ ಅವರಿಗೆ ಮಂಡಳಿಯಲ್ಲಿ ಜಾಗ ಕೊಡಬೇಕು. ಪ್ರಸಾದನಿಲಯವಾದರೆ ಅಲ್ಲಿ ಓದಿ ಹೋದವರು, ಪಾಲಕರು. ಆಸ್ಪತ್ರೆಯಾದರೆ ಸುತ್ತಲ ಹಳ್ಳಿಯ ಆಶಾ ಕಾರ್ಯಕರ್ತೆಯರು. ಒಬ್ಬರು ಸಾಲದು, ಒಂಟಿ ದನಿ ಬೇಗ ಅಡಗುತ್ತದೆ. ಕನಿಷ್ಠ ಮೂವರಲ್ಲಿ ಒಬ್ಬರು ಅಂಥವರಿರಬೇಕು. ಅವರಲ್ಲಿ ಹೆಣ್ಣುಮಕ್ಕಳೂ ಇರಬೇಕು.

ಎರಡು ಉಪಾಯಗಳಾದವು: ಉದ್ದೇಶವನ್ನು ಓದಿ ಬರೆಯುವುದು, ಉದ್ದೇಶದ ಜನರನ್ನು ಒಳಗೆ ಕೂರಿಸುವುದು. ಮೂರನೆಯದು, ಸ್ವಂತ ಹಿತವನ್ನು ಮೊದಲೇ ಹೇಳಿ ಪಕ್ಕಕ್ಕೆ ಸರಿಯುವುದು. ಕಟ್ಟಡದ ಗುತ್ತಿಗೆ ಸದಸ್ಯರೊಬ್ಬರ ಅಳಿಯನಿಗೆ ಹೋಗುವಂತಿದ್ದರೆ, ನೇಮಕಾತಿಗೆ ತಮ್ಮನ ಮಗ ಅರ್ಜಿ ಹಾಕಿದ್ದರೆ, ಆ ಸದಸ್ಯರು ಸಭೆಗೆ ತಿಳಿಸಬೇಕು. ಚರ್ಚೆಯ ಹೊತ್ತಿಗೆ ಹೊರಗೆ ಹೋಗಬೇಕು. ಹೋದದ್ದು ನಡಾವಳಿಯಲ್ಲಿ ದಾಖಲಾಗಬೇಕು. ಇದರ ಜೊತೆಗೇ ಅವಧಿಯ ಮಿತಿಯೂ ಬೇಕು. ಅಧ್ಯಕ್ಷರಾಗಲಿ ಕಾರ್ಯದರ್ಶಿಯಾಗಲಿ ಎರಡು ಅವಧಿಯ ನಂತರ ಸ್ಥಾನ ಬಿಟ್ಟು ಕೊಟ್ಟರೆ, ಸಂಸ್ಥೆ ಒಬ್ಬರ ಮನೆಯ ಮುಂದುವರಿಕೆಯಾಗುವುದು ತಪ್ಪುತ್ತದೆ. ನಾಲ್ಕನೆಯದು, ವರ್ಷಕ್ಕೊಮ್ಮೆ ಊರಿನ ಮುಂದೆ ಕನ್ನಡದಲ್ಲಿ ವರದಿ ಹೇಳುವುದು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ರೈತ ತನ್ನ ಲಾಟಿಗೆ ಟೆಂಡರಿನಲ್ಲಿ ಯಾವ ದರ ಬಂತು ಎಂದು ಅದೇ ದಿನ ತಿಳಿಯುತ್ತಾನೆ. ದರ ಒಪ್ಪಿಗೆಯಾಗದಿದ್ದರೆ ಕೊಡುವುದಿಲ್ಲ ಎನ್ನಬಹುದು. ಒಂದು ದಿನದ ಮಾಲಿಗೆ ಇಷ್ಟು ಬಹಿರಂಗವಿರುವಾಗ, ತಲೆಮಾರುಗಳ ದತ್ತಿಗೆ ಅಷ್ಟಾದರೂ ಬೇಡವೇ? ವರದಿಯಲ್ಲಿ ಜಮಾ ಖರ್ಚು ಮಾತ್ರ ಇದ್ದರೆ ಸಾಲದು. ಉದ್ದೇಶದ ಲೆಕ್ಕವೂ ಇರಬೇಕು. ಎಷ್ಟು ಮಕ್ಕಳಿಗೆ ಶುಲ್ಕ ಬಿಟ್ಟೆವು, ಎಷ್ಟು ಮಂದಿ ಅರ್ಜಿ ಹಾಕಿ ಸಿಗದೆ ಹೋದರು, ಯಾವ ಕೆಲಸ ಆಗಲಿಲ್ಲ, ಏಕೆ ಆಗಲಿಲ್ಲ ಎಂದು ಹೇಳಬೇಕು.

ನಾಲ್ಕು ಉಪಾಯಗಳನ್ನು ಕೇಳಿದಿರಿ. ಇವುಗಳಿಗೆ ಬರುವ ಆಕ್ಷೇಪಗಳಲ್ಲೂ ತಿರುಳಿದೆ, ಅವನ್ನು ಗೌರವದಿಂದ ಎದುರಿಸೋಣ. ಮೊದಲನೆಯದು, ನಾವು ಪುಕ್ಕಟೆ ದುಡಿಯುವವರು, ನಿಯಮದ ಹೊರೆ ಹೇರಿದರೆ ಯಾರೂ ಬರುವುದಿಲ್ಲ ಎಂಬುದು. ಪುಕ್ಕಟೆ ದುಡಿಯುವುದು ದೊಡ್ಡ ಗುಣ, ಅದಕ್ಕೆ ಸಮಾಜ ಋಣಿ. ಆದರೆ ಅವರು ಕೊಡುತ್ತಿರುವುದು ತಮ್ಮ ಸಮಯ, ಹಿಡಿದಿರುವುದು ಬೇರೆಯವರ ಆಸ್ತಿ. ಸಮಯ ಕೊಟ್ಟದ್ದಕ್ಕೆ ಕೃತಜ್ಞತೆ ಸಲ್ಲಬೇಕು, ಆಸ್ತಿ ಹಿಡಿದದ್ದಕ್ಕೆ ಲೆಕ್ಕ ಬರಬೇಕು. ಎರಡು ಸಾಲು ಬರೆಯುವುದೂ ವರ್ಷಕ್ಕೊಂದು ಬಹಿರಂಗ ಸಭೆ ಕರೆಯುವುದೂ ಪ್ರಾಮಾಣಿಕರಿಗೆ ಹೊರೆಯಾಗುವುದಿಲ್ಲ. ಮುಂದೆ ಯಾರಾದರೂ ಸುಳ್ಳು ಆರೋಪ ಹೊರಿಸಿದಾಗ ಆ ನಡಾವಳಿಯೇ ಅವರಿಗೆ ರಕ್ಷಣೆ. ಎರಡನೆಯ ಆಕ್ಷೇಪ, ಫಲಾನುಭವಿಗಳನ್ನು ಮಂಡಳಿಗೆ ತಂದರೆ ರಾಜಕೀಯ ಬರುತ್ತದೆ, ಓದು ಬರಹ ಕಡಿಮೆ ಇರುವವರಿಗೆ ಆಡಳಿತ ತಿಳಿಯುವುದಿಲ್ಲ ಎಂಬುದು. ಕರ್ನಾಟಕದಲ್ಲಿ 2001ರಿಂದ ಸರ್ಕಾರಿ ಶಾಲೆಗಳಿಗೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು, ಅಂದರೆ ಎಸ್.ಡಿ.ಎಂ.ಸಿ.ಗಳು ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆ, ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಹೇಳಿತು. ಎಲ್ಲ ಸಮಿತಿಗಳೂ ಚೆನ್ನಾಗಿ ನಡೆದಿವೆ ಎಂದು ನಾನು ಹೇಳುವುದಿಲ್ಲ. ಕೆಲವೆಡೆ ರಾಜಕೀಯವೂ ಬಂದಿದೆ. ಆದರೆ ಬಿಸಿಯೂಟದ ರುಚಿ, ಶೌಚಾಲಯದ ನೀರು, ಮೇಷ್ಟ್ರ ಹಾಜರಿ ಇವುಗಳನ್ನು ತಿಳಿಯಲು ಪದವಿ ಬೇಕಿಲ್ಲ. ದೇಶದ ಶಾಸನವೇ ಪಾಲಕರನ್ನು ನಂಬಿ ಶಾಲೆಗಳಲ್ಲಿ ಹೊಣೆ ಕೊಟ್ಟಿರುವಾಗ, ಒಂದು ಹಾಸ್ಟೆಲಿನ ಟ್ರಸ್ಟು ಅವರನ್ನು ನಂಬದೆ ಇರುವುದಕ್ಕೆ ಕಾರಣವಿಲ್ಲ.

ಮೂರನೆಯ ಆಕ್ಷೇಪ ಹೆಚ್ಚು ಗಹನವಾದದ್ದು. ನೂರು ವರ್ಷದ ಹಿಂದಿನ ಉದ್ದೇಶಕ್ಕೆ ಅಂಟಿಕೊಂಡರೆ ಸಂಸ್ಥೆ ಬೆಳೆಯುವುದು ಹೇಗೆ ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ಕಾಲ ಬದಲಾಗುತ್ತದೆ. ಒಂದು ರೋಗಕ್ಕೆಂದು ಕಟ್ಟಿದ ಆಸ್ಪತ್ರೆಯ ಊರಲ್ಲಿ ಆ ರೋಗವೇ ಇಲ್ಲವಾಗಬಹುದು. ಇದಕ್ಕೂ ದಾರಿ ಇದೆ. 92ನೇ ಕಲಮಿನಲ್ಲೇ, ಮೂಲ ಉದ್ದೇಶ ಈಡೇರಿದ್ದರೆ ಅಥವಾ ಮುಂದುವರಿಸಲು ಸಾಧ್ಯವಾಗದಿದ್ದರೆ, ಅದಕ್ಕೆ ಹತ್ತಿರವಾದ ಇನ್ನೊಂದು ಉದ್ದೇಶಕ್ಕೆ ಬದಲಿಸಲು ನ್ಯಾಯಾಲಯಕ್ಕೆ ಅಧಿಕಾರವಿದೆ. ಸಂಘಗಳು ಸರ್ವಸದಸ್ಯರನ್ನು ಕರೆದು ಕಾನೂನಿನ ಕ್ರಮದಂತೆ ಬೈಲಾ ತಿದ್ದಬಹುದು. ಬದಲಾವಣೆಯನ್ನು ನಾನು ವಿರೋಧಿಸುವುದಿಲ್ಲ. ಅದು ಹಗಲು ಬೆಳಕಿನಲ್ಲಿ ಆಗಲಿ ಎಂದಷ್ಟೇ ಕೇಳುತ್ತೇನೆ. ಕಾರಣ ಕೊಟ್ಟು, ಜನರನ್ನು ಕೇಳಿ, ಬರೆದು ಬದಲಿಸಿದ ಉದ್ದೇಶ ಸಂಸ್ಥೆಗೆ ಮತ್ತೆ ಬಲ ಕೊಡುತ್ತದೆ. ಯಾರೂ ಕೇಳದೆ, ಯಾರೂ ಹೇಳದೆ, ಒಂದೊಂದೇ ಠರಾವಿನಲ್ಲಿ ಜಾರಿಹೋದ ಉದ್ದೇಶವನ್ನು ಮರಳಿ ತರಲು ಒಂದು ತಲೆಮಾರೇ ಬೇಕಾಗುತ್ತದೆ.

ಕೇಳುಗರೇ, ನಿಮ್ಮಲ್ಲಿ ಯಾವುದಾದರೂ ಮಂಡಳಿಯಲ್ಲಿ ಇರುವವರಿದ್ದೀರಿ. ಮುಂದಿನ ಸಭೆಯ ಅಜೆಂಡಾದಲ್ಲಿ ಉದ್ದೇಶದ ವಾಚನವನ್ನು ಮೊದಲ ವಿಷಯವಾಗಿ ಹಾಕಿಸಿ. ನಿಮ್ಮ ಸಂಸ್ಥೆಯ ಮೂಲ ದಸ್ತಾವೇಜು ಎಲ್ಲಿದೆ ಎಂದು ಕೇಳಿ. ಸಿಗದಿದ್ದರೆ, ಟ್ರಸ್ಟಾದರೆ ಉಪನೋಂದಣಾಧಿಕಾರಿ ಕಚೇರಿಯಿಂದ, ಸಂಘವಾದರೆ ರಿಜಿಸ್ಟ್ರಾರರಿಂದ ನಕಲು ತರಿಸಿ. ಮಂಡಳಿಯಲ್ಲಿ ಇಲ್ಲದವರಿಗೂ ಕೆಲಸವಿದೆ. ನೀವು ದೇಣಿಗೆ ಕೊಡುವಾಗ ಯಾವುದಕ್ಕೆ ಕೊಡುತ್ತಿದ್ದೀರಿ ಎಂದು ರಸೀದಿಯ ಮೇಲೆ ಬರೆಸಿಕೊಳ್ಳಿ. ವರ್ಷ ಕಳೆದ ಮೇಲೆ ಹೋಗಿ, ಆ ಕೆಲಸ ಆಯಿತೇ ಎಂದು ವಿನಯದಿಂದ ಕೇಳಿ. ನೀವು ಸಂಘದ ಸದಸ್ಯರಾಗಿದ್ದರೆ ಸರ್ವಸದಸ್ಯರ ಸಭೆಗೆ ತಪ್ಪದೆ ಹೋಗಿ. ಮೂರನೇ ಒಂದು ಪಾಲು ಸದಸ್ಯರು ಸೇರಿ ಬರೆದುಕೊಟ್ಟರೆ ರಿಜಿಸ್ಟ್ರಾರರಿಂದ ವಿಚಾರಣೆ ಕೇಳುವ ಅವಕಾಶವೂ ಕಾಯ್ದೆಯಲ್ಲಿದೆ. ಆದರೆ ಅಲ್ಲಿಯವರೆಗೆ ಹೋಗದಂತೆ ನೋಡಿಕೊಳ್ಳುವುದೇ ಜಾಣತನ. ದತ್ತಿ ಕೊಟ್ಟವರು ಇಂದು ನಮ್ಮ ನಡುವೆ ಇಲ್ಲದಿರಬಹುದು. ಅದರ ಫಲ ಪಡೆಯಬೇಕಾದ ಮಕ್ಕಳಲ್ಲಿ ಹಲವರು ಇನ್ನೂ ಹುಟ್ಟಿಯೂ ಇಲ್ಲ. ಇಬ್ಬರೂ ಸಭೆಗೆ ಬಂದು ಮಾತಾಡಲಾರರು. ಅವರಿಬ್ಬರ ಪರವಾಗಿ ಮಾತಾಡುವ ಹೊಣೆ ಮಂಡಳಿಯಲ್ಲಿ ಕೂತವರದು, ಮಂಡಳಿಯವರನ್ನು ಮಾತಾಡಿಸುವ ಹೊಣೆ ಊರಿನವರದು. ಈ ಎರಡು ಹೊಣೆಗಳೂ ಒಟ್ಟಿಗೆ ನಡೆದರೆ ಮಾತ್ರ ಒಂದು ದತ್ತಿ ಕೊಟ್ಟವರ ಕಾಲವನ್ನು ದಾಟಿ ಬದುಕುತ್ತದೆ.